ಗದ್ದ ಎದೆಗೆ ಮುಟ್ಟಿದಾಗ

ನಮ್ಮ ಅವ್ವನ ಬೆನ್ನಿನಲ್ಲಿ ದೇವರು ಹರಿದಾಡುತ್ತಾನೆ ಎಂದು ಕಾಚಿಗೂಡದ ನಮ್ಮ ಓಣಿಯ ಹೆಂಗಸರು ನಂಬಿಕೊಂಡಿದ್ದ ಆ ಆರು ತಿಂಗಳು ನಾನು ಸಿಡಿಮಿಡಿ ಮಾಡುತ್ತಲೇ ಓಡಾಡುತ್ತಿದ್ದೆ. ನನ್ನ ಸಿಟ್ಟು ದೇವರ ಮೇಲಲ್ಲ. ಒಂಬತ್ತಕ್ಕೆ ಮನೆ ಬಿಟ್ಟರೆ ಮಾತ್ರ ನಾಂಪಲ್ಲಿಯ ಆಫೀಸಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವವಳು ನಾನು. ಸರಿಯಾಗಿ ಅದೇ ಗಡಿಬಿಡಿಯಲ್ಲಿ ಪಕ್ಕದ ಮನೆಯಾಕೆ ಬಂದು, ಅವ್ವನ ಪೂಜೆ ಮುಗಿಯುವುದನ್ನು ಕಾಯುತ್ತ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಅವ್ವನ ಕಾಲಿಗೆ ಬೀಳಲಿಕ್ಕೆ. ನಾನು ಬಿಸಿ ಹಂಚು ಹಿಡಿದುಕೊಂಡು ಆಕೆಯನ್ನು ಸುತ್ತುಹಾಕಿ ಹೋಗಬೇಕಿತ್ತು.

ಅವ್ವ ವಿಜಯಪುರದ ಕಡೆಯವಳು. ಅಪ್ಪ ತೀರಿಕೊಂಡ ಮೇಲೆ ನನ್ನ ಹತ್ತಿರ ಬಂದು ಹನ್ನೊಂದು ವರ್ಷವಾಗಿತ್ತು. ನಾನು ಮದುವೆಯಾದವಳಲ್ಲ, ಮನೆಯಲ್ಲಿ ನಾವಿಬ್ಬರೇ. ಆಕೆಯ ದಿನ ಶುರುವಾಗುತ್ತಿದ್ದುದೇ ಲಿಂಗಪೂಜೆಯಿಂದ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕೂತರೆ ಗ್ಯಾಸ್ ಮೇಲಿನ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಮೊದಲೆಲ್ಲ ಆ ಕೈ ಎದೆಯ ಮಟ್ಟಕ್ಕೆ ಇರುತ್ತಿತ್ತು. ಬರುಬರುತ್ತ ಕೈ ಇಳಿದು ತೊಡೆಯ ಮೇಲೆ ಬಂತು. ಅಲ್ಲಿರುವ ಲಿಂಗವನ್ನು ನೋಡಲು ಅವ್ವ ಕುತ್ತಿಗೆಯನ್ನು ಪೂರ್ತಿ ಬಗ್ಗಿಸತೊಡಗಿದಳು. ವಯಸ್ಸಾಯಿತು ಅಂದುಕೊಂಡೆ. ನನ್ನ ಲಿಂಗವಂತೂ ಎಷ್ಟೋ ವರ್ಷಗಳಿಂದ ಅಲ್ಮೇರಾದಲ್ಲಿದೆ. ಇಂಥ ವಿಷಯದಲ್ಲಿ ಬಾಯಿ ಹಾಕುವ ಮುಖ ನನಗಿರಲಿಲ್ಲ.

ಒಂದು ದಿನ ಪೂಜೆಯಿಂದ ಎದ್ದವಳು, “ಇವತ್ತೂ ಬಂತು,” ಅಂದಳು. ಏನು ಬಂತು ಎಂದು ಕೇಳಿದೆ.

“ತಲಿ ಬಗ್ಗಿಸಿ ನೋಡಾಕತ್ತಿದ್ದೆ. ಕುತ್ತಿಗಿಯಿಂದ ಝುಮ್ ಅಂತ ಇಳದು, ಬೆನ್ನಾಗ ಹರದು, ಕಾಲಿನ ಬೆರಳಿನ ಮಟಾ ಹೋತು. ಕರೆಂಟ್ ಹೊಡದಂಗ. ತಲಿ ಎತ್ತಿದ್ರ ನಿಲ್ಲತೈತಿ, ಬಗ್ಗಿಸಿದ್ರ ಮತ್ತ ಬರತೈತಿ. ಕರದಾಗೊಮ್ಮೆ ಬರ್ತಾನ.”

ಆಕೆಯ ಮುಖ ಅಷ್ಟು ಸಮಾಧಾನದಲ್ಲಿ ಇದ್ದುದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. “ಛಲೋ ಆತು, ಚಾ ಕುಡಿ,” ಅಂದೆ. ನಾನು ಮಾಡಿದ ವಿಚಾರಣೆ ಅಷ್ಟೇ. ಪಕ್ಕದ ಮನೆಯಾಕೆ ಮಾತ್ರ ಅದನ್ನು ಹಾಗೆ ಬಿಡಲಿಲ್ಲ, ಓಣಿಗೆಲ್ಲ ಹೇಳಿದಳು.

ಆಮೇಲೆ ಒಂದು ಸಂಜೆ ಅವ್ವ ಕೊತ್ತಂಬರಿ ತರಲು ಹೋಗಿ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. ಇನ್ನೊಂದು ಎಲ್ಲಿ ಕಳಚಿತೋ ಆಕೆಗೆ ಗೊತ್ತೇ ಇರಲಿಲ್ಲ. ಬರಿಗಾಲು ಡಾಂಬರಿನ ಮೇಲೆ ನಡೆದದ್ದು ಗೊತ್ತಾಗಲಿಲ್ಲವಂತೆ. ಮರುದಿನವೇ ರಜೆ ಹಾಕಿ ನರಗಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಇನ್ನೂ ಹುಡುಗನಂತಿದ್ದರು, ಮಾತು ಮೆತ್ತಗೆ. ಹಿಂದಿಯಲ್ಲಿ ಹೇಳಿ ಅವ್ವನನ್ನು ನೇರ ಗೆರೆಯ ಮೇಲೆ ನಡೆಸಿದರು. ಅವ್ವ ಎರಡು ಹೆಜ್ಜೆಗೇ ವಾಲಿದಳು. ಮೊಳಕಾಲಿಗೆ ಸಣ್ಣ ಸುತ್ತಿಗೆ ತಾಗಿಸಿದರೆ ಕಾಲು ಡಾಕ್ಟರಿಗೇ ಒದೆಯುವಷ್ಟು ಹಾರಿತು. ಕೊನೆಗೆ, “ಅಮ್ಮಾ, ನಿಧಾನಕ್ಕೆ ತಲೆ ಬಗ್ಗಿಸಿ, ಗದ್ದ ಎದೆಗೆ ಮುಟ್ಟಬೇಕು,” ಅಂದರು.

ಅವ್ವ ಬಗ್ಗಿಸಿದಳು. ಹೆಗಲು ಒಮ್ಮೆ ನಡುಗಿತು. ತಲೆ ಎತ್ತಿದವಳ ಮುಖದಲ್ಲಿ ಗಾಬರಿ ಇತ್ತು. ಅಲ್ಲಿ ಟ್ಯೂಬ್‌ಲೈಟು, ರಬ್ಬರ್ ಹಾಸಿನ ಮಂಚ, ಗೋಡೆಗೆ ಬೆನ್ನೆಲುಬಿನ ಚಿತ್ರ. ಕೈಯಲ್ಲಿ ಲಿಂಗವಿಲ್ಲ, ಮನಸ್ಸಿನಲ್ಲಿ ಮಂತ್ರವಿಲ್ಲ. ಆದರೂ ಬಂದಿತ್ತು.

“ಕರೆಂಟಿನ ಹಾಗೆ ಬೆನ್ನಲ್ಲಿ ಇಳಿಯಿತಾ? ಕಾಲಿನ ತನಕ?” ಎಂದು ಡಾಕ್ಟರು ಕೇಳಿದರು.

ತನ್ನ ಪೆಟ್ಟಿಗೆಯ ಬೀಗ ತೆಗೆದವರನ್ನು ನೋಡುವ ಹಾಗೆ ಅವ್ವ ಅವರನ್ನು ನೋಡಿದಳು. ಅವರು ಇಬ್ಬರು ಕಲಿಯುವ ಡಾಕ್ಟರುಗಳನ್ನು ಕರೆದು ಇನ್ನೊಮ್ಮೆ ಬಗ್ಗಿಸಲು ಹೇಳಿದರು. ಮೂರನೇ ಸಲ ಹೇಳಿದಾಗ ಅವ್ವ, “ಬಸ್ ಬಾಬಾ,” ಎಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಅದು ಯಾವುದೋ ಫ್ರೆಂಚ್ ವೈದ್ಯನ ಹೆಸರಿನ ಲಕ್ಷಣವಂತೆ. ಕುತ್ತಿಗೆಯ ಎಲುಬು ಬೆಳೆದು ಒಳಗಿನ ನರದ ಹುರಿಯನ್ನು ಒತ್ತುತ್ತಿರುತ್ತದೆ. ಬಗ್ಗಿಸಿದಾಗ ಹುರಿ ಎಳೆದಂತಾಗಿ ಝುಮ್ಮೆನ್ನುತ್ತದೆ. ಬಗ್ಗಿಸಿ ನೋಡಿದ್ದರಿಂದಲೇ ಎಲ್ಲ ಗೊತ್ತಾಗುವುದಿಲ್ಲ ಎಂದು ಹೇಳಿ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲೂ ಅದೇ ಕಂಡಿತು. ಆಪರೇಷನ್ ಮಾಡಿ ಒತ್ತಡ ತೆಗೆಯದಿದ್ದರೆ ಕೈ ಹೋಗುತ್ತದೆ, ಆಮೇಲೆ ಕಾಲು ಹೋಗುತ್ತದೆ ಎಂದರು. ಕೈಯಿಂದ ಸಾಮಾನು ಬೀಳುತ್ತಿದ್ದವಾ, ಗುಂಡಿ ಹಾಕಿಕೊಳ್ಳಲು ಕಷ್ಟವಾಗುತ್ತಿತ್ತಾ ಎಂದು ಕೇಳಿದರು. ನಾನು ಹೌದೆಂದೆ. ಬಿದ್ದ ಪ್ರತಿ ಕಪ್ಪಿಗೂ ನಾನು ಅವ್ವನನ್ನು ಬೈದಿದ್ದೆ. ಲಕ್ಷ್ಯ ಇಲ್ಲ, ಉಡಾಫಿ ಮಾಡುತ್ತೀ ಅಂದಿದ್ದೆ. ಅದನ್ನು ಡಾಕ್ಟರಿಗೆ ಹೇಳಲಿಲ್ಲ, ನಾಚಿಕೆಯಾಯಿತು.

ಆಟೋದಲ್ಲಿ ಅವ್ವ, “ಆಪರೇಷನ್ ಬ್ಯಾಡ,” ಅಂದಳು.

“ಯಾಕ?”

“ಅದು ಹೋಗಿಬಿಡತೈತಿ.”

ನನ್ನ ತಲೆ ಕೆಟ್ಟುಹೋಯಿತು. ಹೆದರಿಕೆ ನನಗೆ ಯಾವಾಗಲೂ ಸಿಟ್ಟಾಗಿಯೇ ಹೊರಗೆ ಬರುವುದು. “ಅದು ದೇವರಲ್ಲವ್ವ, ಎಲುಬು,” ಅಂದೆ. “ಡಾಕ್ಟರ್ ಬಗ್ಗು ಅಂದ ಕೂಡ್ಲೆ ಬಂತಲ್ಲ. ದೇವರು ಏನು ಡಾಕ್ಟರ್ ಹೇಳಿದಂಗ ಕೇಳ್ತಾನೇನು?” ಅವ್ವ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ಮುಖ ತಿರುಗಿಸಿದಳು. ಗೆದ್ದೆ ಅಂದುಕೊಂಡೆ.

ಮರುದಿನದಿಂದ ಅವ್ವ ಪೂಜೆಯಲ್ಲಿ ಕುತ್ತಿಗೆ ಬಗ್ಗಿಸಲಿಲ್ಲ. ಲಿಂಗ ತೊಡೆಯ ಮೇಲಿನ ಕೈಯಲ್ಲಿ, ಕಣ್ಣು ಎದುರಿನ ಗೋಡೆಯ ಮೇಲೆ. ಪಕ್ಕದ ಮನೆಯಾಕೆಗೆ, “ಇನ್ನ ಮ್ಯಾಲ ಬರಬ್ಯಾಡವ್ವ, ನನ್ನ ಕಾಲಾಗ ಏನೂ ಇಲ್ಲ,” ಅಂದಳು. ಅಡುಗೆಮನೆಯ ಬಾಗಿಲು ಖಾಲಿಯಾಯಿತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಆ ಭಾನುವಾರ ಇಬ್ಬರೂ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆವು. ಆಕೆಯ ಬೆರಳಿಗೆ ಎಲೆ ಸಿಗುತ್ತಿರಲಿಲ್ಲ. ನನ್ನ ಮುಖ ನೋಡದೆ ಹೇಳಿದಳು.

“ನಿನಗೊಂದು ಹೇಳಿದ್ದಿಲ್ಲ. ಲಿಂಗ ಕೈಯಾಗಿಂದ ಬಿದ್ದಿತ್ತು. ಎರಡು ಸಲ.”

ನನ್ನ ಕೈ ನಿಂತಿತು. ಲಿಂಗ ನೆಲಕ್ಕೆ ಬಿದ್ದರೆ ಆಮೇಲೆ ಬದುಕಬಾರದು ಎಂದು ನಂಬಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದವಳು ಅವ್ವ. ಆ ಮಾತನ್ನು ಅವಳು ಇಷ್ಟು ತಿಂಗಳು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

“ಎರಡನೇ ಸಲ ಬಿದ್ದಾಗ ತಲಿ ಬಗ್ಗಿಸಿ, ತಪ್ಪಾತು ಅಂತ ಅತ್ತೆ. ಆವಾಗ ಬಂತು ನೋಡು ಅದು, ಮೊದಲನೇ ಸಲ. ಕ್ಷಮಾ ಮಾಡಿದ ಅಂತ ತಿಳಕೊಂಡೆ. ಈಗ ನೀ ಅದು ಎಲುಬು ಅಂತಿ. ಹಂಗಾದ್ರ ನನಗ ಕ್ಷಮಾ ಆಗೇ ಇಲ್ಲ.”

ಅಲ್ಲಿಯ ತನಕ ನಾನು ಆಪರೇಷನ್ನಿನ ಬಗ್ಗೆ ಜಗಳವಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆದರೂ ಆಫೀಸಿನ ಬುದ್ಧಿ ಎಲ್ಲಿ ಹೋಗುತ್ತದೆ? ವಾದ ಹೂಡಿದೆ. “ಬಿದ್ದದ್ದೂ ಎಲುಬಿನಿಂದನ ಅವ್ವ. ಕೈಯಾಗ ಬಲಾನ ಇದ್ದಿದ್ದಿಲ್ಲ. ತಪ್ಪೇ ಇಲ್ಲ ಅಂದ ಮ್ಯಾಲ ಕ್ಷಮಾ ಯಾಕ ಬೇಕು?” ಅವ್ವ ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

ಆದರೆ ಮುಂದಿನ ಸಲ ಡಾಕ್ಟರ ಎದುರು ಕೂತಾಗ ನಾನು ಬಾಯಿ ತೆರೆಯುವ ಮೊದಲೇ ಅವ್ವ ತನ್ನ ಬಜಾರಿನ ಹಿಂದಿಯಲ್ಲಿ ಕೇಳಿದಳು. ಕೈಯಿಂದ ವಸ್ತು ಬೀಳುವುದೂ ಇದರಿಂದಲೇ ಏನು? ಹೌದಮ್ಮಾ ಅಂದರು ಡಾಕ್ಟರು. “ಮೇರಿ ಗಲ್ತಿ ನೈ?” ಡಾಕ್ಟರು ನಕ್ಕು, ನಿಮ್ಮದೇನು ತಪ್ಪಮ್ಮಾ ಅಂದರು. ತಾವು ಯಾವ ಪ್ರಶ್ನೆಗೆ ಉತ್ತರ ಕೊಟ್ಟೆವೆಂದು ಅವರಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಆಪರೇಷನ್ ಯಾವತ್ತು ಎಂದು ಕೇಳಿದಳು.

ಆಪರೇಷನ್ನಿನ ದಿನ ಮೈಮೇಲೆ ಏನೂ ಇರಬಾರದೆಂದು ನರ್ಸು ಹೇಳಿದಳು. ಬಳೆ, ಓಲೆ ಎಲ್ಲ ತೆಗೆದಾಯಿತು. ಕೊನೆಗೆ ಅವ್ವ ಕೊರಳಿನ ಕರಡಿಗೆಯನ್ನು ದಾರದ ಸಮೇತ ತೆಗೆದು ಕಣ್ಣಿಗೆ ಒತ್ತಿಕೊಂಡು ನನ್ನ ಅಂಗೈಯಲ್ಲಿ ಇಟ್ಟಳು. “ಚೀಲದಾಗ ಹಾಕಬ್ಯಾಡ. ಕೆಳಗ ಇಡಬ್ಯಾಡ. ನಾ ಬರೋ ಮಟಾ ಕೈಯಾಗ ಇರಲಿ.”

ಹೊರಗೆ ಸ್ಟೀಲ್ ಕುರ್ಚಿಗಳ ಸಾಲಿನಲ್ಲಿ ಕೂತೆ. ಎರಡು ರಾತ್ರಿಯಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಒಂದು ತಾಸು, ಎರಡು ತಾಸು. ಒಳಗೆ ಅವರು ಆಕೆಯ ಕುತ್ತಿಗೆ ಕೊಯ್ಯುತ್ತಿದ್ದಾರೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಮಧ್ಯಾಹ್ನ ಯಾವಾಗಲೋ ಜೊಂಪು ಹತ್ತಿತು. ಠಣ್ ಎಂಬ ಸದ್ದಿಗೆ ಎಚ್ಚರವಾದಾಗ ನನ್ನ ಕೈ ಖಾಲಿ ಇತ್ತು. ಕರಡಿಗೆಯ ಮುಚ್ಚಳ ಬಿಚ್ಚಿ ಲಿಂಗ ಮುಂದಿನ ಸಾಲಿನ ಕುರ್ಚಿಯ ಕೆಳಗೆ ಉರುಳಿ ಹೋಗಿತ್ತು.

ಅಲ್ಲಿ ಕೂತಿದ್ದ ಮುದುಕರೊಬ್ಬರು, “ಕ್ಯಾ ಗಿರಾ ಅಮ್ಮಾ?” ಎಂದು ಎರಡೂ ಕಾಲು ಮೇಲೆತ್ತಿ ಕೂತರು. ನಾನು ಮೊಳಕಾಲೂರಿ, ಕುರ್ಚಿಗಳ ಕೆಳಗೆ ತೂರಿ, ಎತ್ತಿಕೊಂಡೆ. ನನ್ನ ಬೆರಳುಗಳನ್ನು ನೋಡಿಕೊಂಡೆ. ಐದೂ ಗಟ್ಟಿಯಾಗಿದ್ದವು. ನನ್ನ ತಪ್ಪನ್ನು ಎಲುಬಿನ ಮೇಲೆ ಹಾಕುವ ಹಾಗಿರಲಿಲ್ಲ. ಕಲಿಸಿದವರಿಲ್ಲದಿದ್ದರೂ ತಲೆ ತಾನೇ ಬಗ್ಗಿತು, ಗದ್ದ ಎದೆಗೆ ಮುಟ್ಟಿತು. ತಪ್ಪಾತು ಅಂದೆ, ಮತ್ತೆ ಅಂದೆ. ಬೆನ್ನಿನಲ್ಲಿ ಏನೂ ಇಳಿಯಲಿಲ್ಲ. ನನ್ನ ಕುತ್ತಿಗೆ ಚೆನ್ನಾಗಿತ್ತು.

ಸಂಜೆ ಒಳಗೆ ಬಿಟ್ಟರು. ಅವ್ವನ ಕುತ್ತಿಗೆಗೆ ಗಟ್ಟಿ ಪಟ್ಟಿ ಕಟ್ಟಿದ್ದರು, ಧ್ವನಿ ಒಡೆದು ಹೋಗಿತ್ತು. ಕಾಲು ಆಡಿಸು ಎಂದು ಡಾಕ್ಟರು ಹೇಳಿದಾಗ ಎರಡೂ ಪಾದ ಆಡಿಸಿದಳು. ಅವರು ಹೋದ ಮೇಲೆ, “ಎಲ್ಲೈತಿ?” ಅಂದಳು.

ಮುಷ್ಟಿ ಬಿಚ್ಚಿ ತೋರಿಸಿದೆ. ಅಲ್ಲಿಗೇ ಸುಮ್ಮನಿರಬಹುದಿತ್ತು, ಯಾರು ಹೇಳುತ್ತಿದ್ದರು? “ಬಿತ್ತವ್ವ,” ಅಂದೆ.

ತಲೆ ಹೊರಳಿಸಲಾಗದೆ ಅವ್ವ ಕಣ್ಣುಗಳನ್ನಷ್ಟೇ ನನ್ನ ಕಡೆ ತಿರುಗಿಸಿದಳು. “ನಿನ್ನ ಕೈಗೇನಾಗಿತ್ತು?”

“ಏನೂ ಆಗಿದ್ದಿಲ್ಲ. ನಿದ್ದಿ ಹತ್ತಿತು.”

ಅವ್ವ ಕಣ್ಣು ಮುಚ್ಚಿದಳು. ಮಲಗಿದಳೇನೋ ಅಂದುಕೊಂಡೆ. ನಾನು ಅಳುತ್ತಿದ್ದೆ, ಮೂಗು ಸೊರ್ ಅಂದದ್ದು ಆಕೆಗೆ ಕೇಳಿಸಿರಬೇಕು.

“ಬೇಡಿಕೊಂಡ್ಯೇನು?”

“ಹೂಂ.”

“ಏನರ ಬಂತೇನು?”

“ಇಲ್ಲವ್ವ.”

“ಆತು ಬಿಡು,” ಅಂದಳು ಅವ್ವ. “ನಾ ಹೇಳ್ತೀನಿ ಅವಗ.” ಹಾಗೆಂದು ಎಡಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. ಬೆರಳುಗಳಿಗೆ ಇನ್ನೂ ಬಲ ಬಂದಿರಲಿಲ್ಲ. ಕೊಡಲು ಹೆದರಿಕೆಯಾಯಿತು, ಆದರೂ ಕೊಟ್ಟೆ.