ಗಾಜಿನ ಕಪಾಟಿನ ಗಾಲ್ಫ್ ಬೂಟು

ಕಳೆದ ಭಾನುವಾರ ಬೆಳಿಗ್ಗೆ ಶಹಾಬಾದಿನ ನಮ್ಮ ಕಾಕಾ, ಮಗಳು ರೂಪಿಸಿದ ಗಾಲ್ಫ್ ಬೂಟನ್ನು ಮೊದಲ ಸಲ ಕಾಲಿಗೆ ಹಾಕಿಕೊಂಡರು. ಅಂಗಳ ದಾಟುವ ಮೊದಲೇ ಎರಡರ ತಳವೂ ಉದುರಿತು. ಫರಸಿ ಕಲ್ಲಿನ ಮೇಲೆ ಬಿದ್ದ ಚೂರುಗಳು ಕಟಕ ರೊಟ್ಟಿಯ ಪುಡಿಯಂತಿದ್ದವು.

ನಾನು ರಜೆಯ ಮೇಲೆ ಕಲಬುರಗಿಯಿಂದ ಹೋಗಿದ್ದೆ. ಪತ್ರಿಕೆಯ ಡೆಸ್ಕಿನಲ್ಲಿ ಅರ್ಧ ಆಯುಷ್ಯ ಕಳೆದವನು. ಕಂಡದ್ದನ್ನು ಕಂಡಷ್ಟೇ ಬರೆಯುವ ಚಟ. ಆದರೆ ಆ ಚೂರುಗಳನ್ನು ಅಂಗೈಗೆ ಆರಿಸಿಕೊಂಡಾಗ, ಹಿಂದಿನದನ್ನು ಹೇಳದಿದ್ದರೆ ಈ ಸುದ್ದಿ ನಿಮಗೆ ಅರ್ಥವಾಗದು ಅನ್ನಿಸಿತು.

ಕಾಕಾ ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಮಗಳು ಮಹಾದೇವಿ ಬೂಟಿನ ವಿನ್ಯಾಸ ಕಲಿಯಲು ಚೆನ್ನೈಗೆ ಹೊರಟಾಗ ಕಟ್ಟೆಯ ಮೇಲೆ ಕುಂತವರು ನಕ್ಕಿದ್ದರು.

"ಇಷ್ಟು ಓದಿಸಿ ಮಗಳಿಗಿ ಕೆರ ಹೊಲಿಯಾಕ ಕಳಸಾಕತ್ತೀಯಲ್ಲೋ ಮೇಸ್ತ್ರಿ!"

"ತಡೀರಿ, ನಾಳಿ ನೀವೇ ಬಂದು ನೋಡ್ತೀರಿ" ಎಂದಿದ್ದರು ಕಾಕಾ.

ಮಹಾದೇವಿ ಒಂದು ಕಾರ್ಖಾನೆ ಸೇರಿ, ತನ್ನ ಮೊದಲ ಮಾದರಿಯನ್ನು ಅಪ್ಪನ ಅಳತೆಗೆ ಮಾಡಿಸಿ ತಂದಳು. ಗಾಲ್ಫ್ ಆಟವನ್ನು ನಮ್ಮಲ್ಲಿ ಯಾರೂ ಟೀವಿಯ ಹೊರಗೆ ಕಂಡಿರಲಿಲ್ಲ. ಅವಳು ಎದ್ದು ನಿಂತು ಕಾಲಿಟ್ಟು ತೋರಿಸಿದಳು.

"ಚೆಂಡು ಹೊಡೆದಾಗ ಹಿಂದಿನ ಕಾಲು ಬೆರಳಿನ ಹಂತ್ಯಾಕ ಬಾಗಬೇಕು, ಮುಂದಿನ ಕಾಲು ಹೊರಳಬಾರದು. ತಳ ಮೆತ್ತಗ ಮಾಡಿದ್ರ ನಿಲ್ಲಾಕ ಆಗಂಗಿಲ್ಲ, ಬಿರುಸು ಮಾಡಿದ್ರ ನಡ್ಯಾಕ ಆಗಂಗಿಲ್ಲ. ಅಪ್ಪಾ, ನೀ ದೊಡ್ಡ ಸುತ್ತಿಗಿ ಬೀಸಿದಾಂವ. ದಿನಾ ಹಾಕ್ಕೊಂಡು, ಎಲ್ಲಿ ಸರಿ ಇಲ್ಲ ಹೇಳು."

"ಹುಲ್ಲಿನ ಮ್ಯಾಲ ಜಾರತಾರಂತ ಇಷ್ಟು ಥಾಟೇನು? ಅವರಿಗಿ ನಮ್ಮ ಹಸಿ ಫರಸಿ ಮ್ಯಾಲ ಒಮ್ಮೆ ನಿಂದ್ರಸು" ಎಂದು ಕಾಕಾ ನಕ್ಕರು.

ಅವಳು ರೈಲು ಹತ್ತಿದ ಮೇಲೆ ಬೂಟನ್ನು ಒರೆಸಿ, ಪಡಸಾಲೆಯ ಗಾಜಿನ ಕಪಾಟಿನಲ್ಲಿ ಹಿತ್ತಾಳೆ ತಂಬಿಗೆಗಳ ನಡುವೆ ಇಟ್ಟರು. ಬಾಗಿಲು ತೆರೆದರೆ ಬೀದಿಗೇ ಕಾಣುತ್ತಿತ್ತು.

"ದೇವರ ಪಟದ ಬಾಜೂಕ ಯಾರರೆ ಕೆರ ಇಡ್ತಾರೇನ್ರಿ?" ಎಂದು ಕಾಕಿ ಗೊಣಗಿದರು.

"ಕೆರ ಅಲ್ಲ ಅದು. ಮಹಾದೇವಿ ದುಡಿಮಿ."

ಕಟ್ಟೆಯವರನ್ನು ಚಹಾಕ್ಕೆ ಕರೆದು ತೋರಿಸಿದರು. ಎಲೆಯಡಿಕೆ ಹಾಕಿದ ಕೈಯಿಂದ ಮುಟ್ಟಲು ಯಾರಿಗೂ ಬಿಡಲಿಲ್ಲ. ನಗುವುದು ನಿಂತಿತು. ಮಗಳು ಫೋನಿನಲ್ಲಿ "ಹ್ಯಾಂಗ ಅದಾವಪ್ಪಾ?" ಎಂದಾಗಲೆಲ್ಲ "ಭಾಳ ಛಂದ ಅದಾವವ್ವಾ, ಏನೂ ತಕರಾರಿಲ್ಲ" ಎನ್ನುತ್ತಿದ್ದರು. ಒಂದೆರಡು ಸಲ ನಾನೂ ಪಕ್ಕದಲ್ಲಿದ್ದೆ. ಎರಡು ಕಡೆ ವಿಚಾರಿಸದೆ ಸುದ್ದಿ ಬಿಡದ ನನಗೆ ಅದು ತಂದೆಯ ಮುದ್ದು ಸುಳ್ಳಾಗಿಯಷ್ಟೇ ಕಂಡಿತ್ತು.

ಆ ಭಾನುವಾರ ಮಹಾದೇವಿ ನಾಲ್ಕು ವರ್ಷಗಳ ಮೇಲೆ ಊರಿಗೆ ಬರುವವಳಿದ್ದಳು. ವಾಡಿ ಸ್ಟೇಷನ್ನಿಗೆ ಬೂಟು ಹಾಕಿಕೊಂಡೇ ಹೋಗಿ ಅವಳಿಗೆ ತೋರಿಸಬೇಕೆಂದು ಕಾಕಾ ಅದನ್ನು ಕಪಾಟಿನಿಂದ ಇಳಿಸಿದ್ದರು. ಕೊನೆಗೆ ಹಳೆಯ ಚಪ್ಪಲಿಯಲ್ಲೇ ಹೋಗಿ ಕರೆತಂದೆವು. ಅಂಗಳಕ್ಕೆ ಬಂದವಳೇ ಚೂರುಗಳ ಮುಂದೆ ಕುಳಿತಳು. ಬಹಳ ಹೊತ್ತು ತಿರುಗಿಸಿ ನೋಡಿದಳು.

"ಅಪ್ಪಾ, ಇದು ಸವೆದಿಲ್ಲ. ನೀ ಹಾಕ್ಕೊಂಡೇ ಇಲ್ಲ."

"ಮಂದಿ ನೋಡ್ಲಿ ಅಂತ ಇಟ್ಟಿದ್ದೆವ್ವಾ." ಒಂದು ಚೂರನ್ನು ಎತ್ತಿಕೊಂಡು ಕೇಳಿದರು: "ಹಾಕ್ಕೊಂಡಿದ್ರ ಉಳೀತಿದ್ವೇನು?"

"ಇನ್ನೂ ನಾಕ ದಿನ ಬರ್ತಿದ್ವು. ಈ ನಮೂನಿ ತಳ ಇಟ್ಟಲ್ಲೇ ಇಟ್ರ ಹಸಿ ಕುಂತು ಪುಡಿ ಆಗ್ತದ."

"ಹಂಗಾದ್ರ ಈಗ ನೋಡವ್ವಾ" ಎಂದು ಕಾಕಾ ಬರಿಗಾಲಲ್ಲಿ ಎದ್ದರು. ಕೋಲು ಹಿಡಿದು, ಗಣಿಯಲ್ಲಿ ಸುತ್ತಿಗೆ ಬೀಸುತ್ತಿದ್ದಂತೆ ಒಮ್ಮೆ ಬೀಸಿದರು. ಬಲ ಹಿಮ್ಮಡಿ ಮೇಲೆದ್ದಿತು. ಮೈಭಾರವೆಲ್ಲ ಎಡಪಾದದ ಹೊರ ಅಂಚಿಗೆ ಬಿತ್ತು. ಮಹಾದೇವಿ ಆ ಅಂಚಿನ ಮೇಲೆ ಕೈಯಿಟ್ಟು ಹಾಗೇ ಕುಳಿತಳು.

ಮರಳಿ ಹೋಗುವ ದಿನ, ಆಟೋದಲ್ಲಿ, ನನಗೆ ಹೇಳಿದಳು. ಬೂಟಿನ ಹೊರ ಅಂಚಿನ ಬಗ್ಗೆ ಮೊದಲಿಂದಲೂ ಅವಳಿಗೆ ಅನುಮಾನವಿತ್ತು. ಅಪ್ಪ ದಿನಾ ಹಾಕಿಕೊಂಡೇ ತಕರಾರಿಲ್ಲ ಅನ್ನುತ್ತಾನೆಂದು ನಂಬಿ ಬದಲಿಸಲಿಲ್ಲ. ಕಾರ್ಖಾನೆ ಮಾರಿದ ಜೋಡಿಗಳನ್ನು, ಪಾದ ಹೊರಳುತ್ತದೆಂದು ಗಿರಾಕಿಗಳು ಹಿಂದಕ್ಕೆ ಕಳಿಸಿದರು.

"ಅಪ್ಪಗ ಹೇಳಬ್ಯಾಡ ಅಣ್ಣಾ" ಎಂದಳು.

ನಿನ್ನೆ ಕಾಕಾ ಫೋನು ಮಾಡಿದ್ದರು. "ಹೊಸಾವು ಮಾಡಿ ಕಳಸು ಅಂತ ಅಕಿಗಿ ಹೇಳು ತಮ್ಮಾ. ಈ ಸಲ ಕೆಸರಾಗೂ ಹಾಕ್ಕೊಂತೀನಿ. ಖರೇ ಖರೇ ಹೇಳ್ತೀನಿ."

ಕಾರ್ಖಾನೆ ಆ ಮಾದರಿಯನ್ನು ಹೋದ ವರ್ಷವೇ ನಿಲ್ಲಿಸಿದೆ. ಮಹಾದೇವಿ ಈಗ ಶಾಲೆ ಮಕ್ಕಳ ಬೂಟಿನ ವಿಭಾಗದಲ್ಲಿದ್ದಾಳೆ.