ಅವ್ವನ ಹೆಸರಿನ ಗಿಡ

ಗಿಡ ನೆಡಬೇಡಿ ಎಂದು ಹೇಳಿ ಬೈಸಿಕೊಂಡವಳು ಈ ಪುಣೆಯಲ್ಲಿ ನಾನೊಬ್ಬಳೇ ಇರಬೇಕು. ಬೈದವರು ನಮ್ಮ ಕನ್ನಡ ಸಂಘದವರೇ. ಬೈಯಲಿ. ಇವತ್ತಿಗೂ ಅದನ್ನೇ ಹೇಳುತ್ತೇನೆ.

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಭಾನುವಾರ ಬೆಳಿಗ್ಗೆ ನನಗೆ ಒಂದೇ ಕೆಲಸ. ಜೇಜುರಿ ದಾಟಿ ಮುಂದೆ ಹೋದರೆ ಒಂದು ಸಣ್ಣ ಅಭಯಾರಣ್ಯವಿದೆ. ನೋಡಲು ಬಂದವರನ್ನು ಅಲ್ಲಿ ನಡೆಸಿಕೊಂಡು ಹೋಗಿ ತೋರಿಸುತ್ತೇನೆ. ಸಂಬಳವಿಲ್ಲ, ಒಂದು ಹಸಿರು ಟೋಪಿ ಕೊಟ್ಟಿದ್ದಾರೆ. ದಟ್ಟ ಕಾಡು ಇರುತ್ತದೆ ಎಂದುಕೊಂಡು ಬಂದವರು ಬಸ್ಸಿಳಿದ ಕೂಡಲೇ ಮುಖ ಸಣ್ಣದು ಮಾಡುತ್ತಾರೆ. "ಇಲ್ಲೇನದರೀ? ಬರೇ ಹುಲ್ಲು!" ಹೌದು, ಬರೀ ಹುಲ್ಲು. ಆ ಹುಲ್ಲಿನಲ್ಲಿ ಚಿಂಕಾರ ಜಿಂಕೆ ಮೇಯುತ್ತದೆ, ತೋಳ ಮರಿ ಹಾಕುತ್ತದೆ, ಟಿಟ್ಟಿಭ ಹಕ್ಕಿ ಬಟ್ಟಬಯಲಿನ ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಮೊಟ್ಟೆ ಇಡುತ್ತದೆ. ಒಂದು ತಾಸು ಸುಮ್ಮನೆ ನಿಲ್ಲಿಸಿ ತೋರಿಸಿದರೆ ಅದೇ ಜನ ಮನೆಗೆ ಹೋಗಲು ಒಲ್ಲೆ ಎನ್ನುತ್ತಾರೆ.

ನಮ್ಮ ಸಂಘದಲ್ಲೊಂದು ರೂಢಿ. ಮೊದಲ ಮಳೆ ಬಿದ್ದ ಮೇಲೆ ಎಲ್ಲರೂ ಬಸ್ಸು ಮಾಡಿಕೊಂಡು ಜೇಜುರಿಗೆ ಹೋಗಿ ಮೈಲಾರಲಿಂಗನ ದರ್ಶನ ಮಾಡುವುದು. ಆಮೇಲೆ ಎಲ್ಲಾದರೂ ಖಾಲಿ ಜಾಗ ಹುಡುಕಿ, ತೀರಿಕೊಂಡ ತಂದೆ ತಾಯಿಯ ಹೆಸರಿನಲ್ಲಿ ಒಂದೊಂದು ಗಿಡ ನೆಟ್ಟು, ದೇವರ ಅರಿಶಿನದ ಭಂಡಾರವನ್ನು ಅದಕ್ಕೂ ಹಚ್ಚುವುದು. ಫ್ಲ್ಯಾಟಿನಲ್ಲಿ ಇರುವವರಿಗೆ ಹಿತ್ತಲೆಲ್ಲಿಂದ ಬರಬೇಕು? ನಾನೂ ನೆಟ್ಟವಳೇ. ಅವ್ವ ತೀರಿಕೊಂಡ ವರ್ಷ, ಅಭಯಾರಣ್ಯದ ಬೇಲಿಯಾಚೆಗಿನ ಗೋಮಾಳದಲ್ಲಿ ಒಂದು ಸುಬಾಬುಲ್ ನೆಟ್ಟೆ. ಬೇಗ ಬೆಳೆಯುತ್ತದೆ ಎಂದು ನರ್ಸರಿಯವನು ಕೊಟ್ಟದ್ದು. ಎರಡು ಬೇಸಿಗೆ ಕ್ಯಾನಿನಲ್ಲಿ ನೀರು ಹೊತ್ತೆ. ಬೆಳೆಯಿತು. ದೂರದಿಂದ ಕಂಡರೆ ಸಾಕು, ಅವ್ವನೇ ಸೆರಗು ಹೊದ್ದು ನಿಂತಂತೆ ಅನಿಸುತ್ತಿತ್ತು.

ನನ್ನ ಕಣ್ಣು ತೆರೆಸಿದವಳು ಆ ಗೋಮಾಳದಲ್ಲಿ ಕುರಿ ಮೇಯಿಸುವ ಅಜ್ಜಿ. ತವರು ಅಥಣಿ ಕಡೆ, ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ಒಂದು ದಿನ ನನ್ನ ಮರದ ತುದಿಯಲ್ಲಿ ಕೂತ ಕಾಗೆಯನ್ನು ತೋರಿಸಿದಳು.

"ಬಾಯಾರ, ಈ ಮಾಳದಾಗ ಕಾಗಿಗೆ ಕುಂದರಾಕ ಜಾಗಾ ಇರಲಿಲ್ಲ. ನೀವು ಕುರ್ಚಿ ಹಾಕಿ ಕೊಟ್ರಿ. ಈಗ ಮ್ಯಾಲ ಕುಂತು ಟಿಟ್ಟಿಭದ ತತ್ತಿ ಎಲ್ಲಿ ಅದಾವಂತ ನೋಡತೈತಿ, ಇಳದು ತಿಂತೈತಿ."

ಅಂದಿನಿಂದ ನಾನೂ ಗಮನಿಸಿದೆ. ಮರದ ಸುತ್ತ ಅದರದೇ ಸಸಿಗಳು ಎದ್ದಿದ್ದವು, ಹುಲ್ಲು ಹಿಂದೆ ಸರಿದಿತ್ತು. ಗೋಮಾಳದ ಊರಿನವರು, ಬೇಕಾದರೆ ಕಡಿದುಬಿಡಿ ಎಂದರು. ಅವ್ವನ ಮರಕ್ಕೆ ಕೊಡಲಿ ಹಾಕಲು ಕೈ ಬರಲಿಲ್ಲ. ಹೇಡಿಯ ಹಾಗೆ ಸುಮ್ಮನಿದ್ದೆ.

ಹೋದ ವರ್ಷ ಸಂಘದವರು ಆರಿಸಿಕೊಂಡದ್ದು ಅದೇ ಗೋಮಾಳವನ್ನು. ಎರಡು ಟೆಂಪೋ ಸಸಿ! ಸಭೆಯಲ್ಲಿ ಬೇಡಿಕೊಂಡೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಉದ್ದುದ್ದ ಬರೆದೆ, ಗುಂಪಿನಿಂದಲೇ ತೆಗೆದುಹಾಕಿದರು. ಸರಿ, ಆ ಭಾನುವಾರ ಅವರಿಗಿಂತ ಮೊದಲೇ ಹೋಗಿ ಮಾಳದ ನಡುವೆ ನಿಂತೆ. ನಾಲ್ಕು ಹೆಜ್ಜೆ ಆಚೆ ಟಿಟ್ಟಿಭ ಕಾವಿಗೆ ಕೂತಿತ್ತು.

ಬಸ್ಸಿನಿಂದ ಹಣೆತುಂಬ ಭಂಡಾರದ ಜನ ಇಳಿದರು. ಕೆಲವರ ಕೈಯಲ್ಲಿ ಅಪ್ಪ ಅವ್ವನ ಫೋಟೋ ಇತ್ತು. ಆದರೂ ಕೈ ಅಡ್ಡ ಚಾಚಿದೆ.

ಸಂಘದ ಅಧ್ಯಕ್ಷರು ಮುಂದೆ ಬಂದರು. "ಏನ್ರೀ ಇದು? ಗಿಡಾ ಹಚ್ಚೂದು ಪಾಪ ಏನು?"

"ರಸ್ತೆದ ಬಾಜೂಕ ಹಚ್ಚರಿ, ಸಾಲಿ ಅಂಗಳದಾಗ ಹಚ್ಚರಿ, ನಾನೂ ಗುದ್ದಲಿ ಹಿಡೀತೇನಿ. ಇಲ್ಲಿ ಬ್ಯಾಡ. ಇದು ಖಾಲಿ ಜಾಗಾ ಅಲ್ಲ."

ಹುಲ್ಲು, ಕಾಗೆ, ಮೊಟ್ಟೆ ಎಲ್ಲ ಬಿಡಿಸಿ ಹೇಳಿದೆ. ಅಷ್ಟರಲ್ಲಿ ಟಿಟ್ಟಿಭ ಎದ್ದು ನಮ್ಮ ತಲೆಯ ಮೇಲೆ ಸುತ್ತುತ್ತಾ ಅರಚತೊಡಗಿತು.

"ನೋಡ್ರಿ, ಆಕೀನೂ ಅದನ್ನ ಹೇಳ್ಲಿಕತ್ತಾಳ!"

ಅಧ್ಯಕ್ಷರು ಹಕ್ಕಿಯನ್ನು ನೋಡಲಿಲ್ಲ, ನನ್ನ ಮರ ನೋಡಿದರು. "ಅದು ಯಾರದು? ನಿಮ್ಮವ್ವನ ಹೆಸರಲೆ ನೀವ ಹಚ್ಚಿದ್ದಲ್ಲ? ಹೇಳೂದು ಪುರಾಣ, ತಿನ್ನೂದು ಬದ್ನಿಕಾಯಿ! ಮೊದಲ ಅದನ್ನ ಕಡೀರಿ, ಆಮ್ಯಾಲೆ ನಮಗ ಬುದ್ಧಿ ಹೇಳ್ರಿ."

ಎಲ್ಲರೂ ನಕ್ಕರು. ಮೈಯೆಲ್ಲ ಉರಿಯಿತು. ಮಾತು ನಿಜವಾಗಿತ್ತು, ಅದಕ್ಕೇ ಅಷ್ಟು ಉರಿಯಿತು.

ಅಜ್ಜಿ ಕುರಿಗಳ ಜೊತೆ ಅಲ್ಲೇ ನಿಂತಿದ್ದಳು. ಟೊಂಗೆ ಸವರಲು ಅವಳ ಹೆಗಲ ಮೇಲೆ ಯಾವಾಗಲೂ ಒಂದು ಕೊಡಲಿ. "ಕೊಡು ಇಲ್ಲಿ," ಎಂದೆ.

ಪೆನ್ನು ಹಿಡಿದ ಕೈ. ಮೊದಲ ಏಟು ಜಾರಿತು, ಎರಡನೆಯದು ತೊಗಟೆ ಎಬ್ಬಿಸಿತು. ಅವ್ವಾ, ಬೈಬ್ಯಾಡ ಬೇ, ಅನ್ನುತ್ತಾ ಅಳುತ್ತಾ ಕಡಿದೆ. ಅಜ್ಜಿ ಕೊಡಲಿ ಇಸಿದುಕೊಳ್ಳಲು ಬಂದಳು, ಕೊಡಲಿಲ್ಲ. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ನಗು ಯಾವಾಗ ನಿಂತಿತೋ ತಿಳಿಯದು. ಕೊನೆಗೆ ಮರ ಬಿತ್ತು.

"ಸಿಟ್ಟಿನಾಗ ಅಂದ್ನಿರೀ ನಾನು," ಅಧ್ಯಕ್ಷರ ದನಿ ಇಳಿದಿತ್ತು. "ನಿಮ್ಮವ್ವಗ ಏನ ಅನಿಸಿರಬೇಕು?"

"ಇದ್ದಿದ್ರ ಬೈತಿದ್ಲು. ಇಷ್ಟ ದಿನಾ ಯಾಕ ತಡಾ ಮಾಡಿದಿ ಅಂತ."

ಸಸಿಗಳು ಟೆಂಪೋ ಹತ್ತಿದವು. ಊರ ರಸ್ತೆಯ ಬದಿಗೆ ನೆಟ್ಟರೆಂದು ಆಮೇಲೆ ಕೇಳಿದೆ. ತನ್ನ ಅವ್ವನ ಫೋಟೋ ಹಿಡಿದು ಬಂದಿದ್ದ ಒಬ್ಬಾಕೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅದು ನನಗೆ ನೋವೇ. ಆದರೂ ಮತ್ತೆ ಬಂದರೆ ಮತ್ತೆ ಅಡ್ಡ ನಿಲ್ಲುತ್ತೇನೆ.

ಸುಬಾಬುಲ್ ಭಾರೀ ಹಟಮಾರಿ, ಕಡಿದ ಬೊಡ್ಡೆಯಿಂದಲೂ ಚಿಗುರುತ್ತದೆ. ಹಟದಲ್ಲಿ ನಾನೇನು ಕಮ್ಮಿ? ಪ್ರತಿ ಭಾನುವಾರ ಕೂತು ಚಿಗುರು ಮುರಿಯುತ್ತೇನೆ. ಹುಲ್ಲು ಬೊಡ್ಡೆಯ ತನಕ ಬಂದಿದೆ. ಹೊಸಬರು, ಇಲ್ಲೇನದರೀ ಅಂದರೆ, ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ ಹೇಳುತ್ತೇನೆ: "ಹೆಜ್ಜಿ ನೋಡಿ ಇಡ್ರಿ. ಇದು ನಮ್ಮವ್ವನ ಹೆಸರಿನ ಹುಲ್ಲು."