ನಲವತ್ತು ಸಾಲಿನ ಪ್ರಾಂಪ್ಟ್

ಸಂಡೂರು ಗುಡ್ಡದ ಒಂದು ಗಣಿಯಲ್ಲಿ ಅದಿರು ಲಾರಿಗಳ ತೂಕ ದಾಖಲಿಸುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡುವ ಜಾಗಕ್ಕೆ ಮುಂಚೆ ಒಂದು ಪುಟ್ಟ ಸಾಲು ಇರುತ್ತದಲ್ಲ, ಅದೇ ಪ್ರಾಂಪ್ಟ್. ನಾವು ಪರೀಕ್ಷೆಯ ವ್ಯವಸ್ಥೆಗೆ ಹೋದಾಗ ಅಲ್ಲಿ ‘ಟೆಸ್ಟ್’ ಎಂದು ಹಸಿರಾಗಿ ಬರಬೇಕು, ನಿಜವಾದ ತೂಕದ ವ್ಯವಸ್ಥೆಗೆ ಮರಳಿದಾಗ ಅದು ಹೋಗಬೇಕು. ಇಷ್ಟಕ್ಕೆ ನಾನು ನಲವತ್ತು ಸಾಲಿನ ಸ್ಕ್ರಿಪ್ಟ್ ಬರೆದಿದ್ದೆ, ಷರತ್ತಿನೊಳಗೊಂದು ಷರತ್ತು. ಸುಳ್ಳೇಕೆ ಹೇಳಲಿ, ಅದರ ಬಗ್ಗೆ ಭಾರೀ ಜಂಬವಿತ್ತು.

ಪಾಳಿ ಬದಲಾಗುವಾಗ ನಮ್ಮಲ್ಲಿ ಯಾರೂ ಲಾಗ್‌ಔಟ್ ಮಾಡುವುದಿಲ್ಲ. ಹೊಸಪೇಟೆಯ ಸ್ಟಾಫ್ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುತ್ತದೆ. ತೆರೆದ ಪರದೆಯ ಮುಂದೆಯೇ ಮುಂದಿನವರು ಬಂದು ಕೂರುತ್ತಾರೆ. ಒಂದು ಮಧ್ಯಾಹ್ನ ನಾನು ಪರೀಕ್ಷೆ ಮುಗಿಸಿ, ನಿಜವಾದ ವ್ಯವಸ್ಥೆಗೆ ಮರಳಿ, ಬಸ್ಸಿಗೆ ಓಡಿದೆ. ನನ್ನ ನಂತರದ ಪಾಳಿಗೆ ಬಂದವಳು ಕಂಪ್ಲಿಯ ಹೆಣ್ಣುಮಗಳು, ಗುತ್ತಿಗೆ ನೌಕರಿಯವಳು. ಪರದೆಯ ಮೇಲೆ ‘ಟೆಸ್ಟ್’ ಎಂದಿದ್ದದ್ದನ್ನು ನೋಡಿ ಧೈರ್ಯವಾಗಿ ರೀಸ್ಟಾರ್ಟ್ ಕೊಟ್ಟಳು. ನಿಜವಾದ ತೂಕವೇ ನಿಂತುಹೋಯಿತು. ಲಾರಿಗಳು ಗುಡ್ಡದ ತಿರುವಿನವರೆಗೂ ಸಾಲುಗಟ್ಟಿದವಂತೆ.

ಮರುದಿನ ಅವಳ ಕೈಗೆ ಮೆಮೋ ಬಂತು. ಅದು ಫೈಲಿನಲ್ಲಿ ಉಳಿದರೆ ಗುತ್ತಿಗೆ ಮುಂದುವರಿಯುವುದಿಲ್ಲ.

“ನಾ ಕಣ್ಣಾರೆ ಟೆಸ್ಟ್ ಅಂತ ನೋಡೀನ್ರಿ,” ಎಂದಳು.

“ಸರಿಯಾಗಿ ನೋಡಿಲ್ಲ ಬಿಡವಾ,” ಎಂದುಬಿಟ್ಟೆ.

ಅವಳ ಬಾಯಿ ಮುಚ್ಚಿಸಲೆಂದೇ ಸ್ಕ್ರಿಪ್ಟ್ ತೆರೆದೆ. ಒಳಗಿನ ಒಂದು ಷರತ್ತಿನಲ್ಲಿ ‘ಟೆಸ್ಟ್’ ಎಂದು ಬರೆದಿದ್ದೇನೆ, ಮರಳುವಾಗ ಅದನ್ನು ಅಳಿಸುವ ಸಾಲು ಬರೆಯಲು ಮರೆತಿದ್ದೇನೆ. ತುಂಬಾ ನಾಚಿಕೆಯಾಯಿತು.

ನಲವತ್ತೂ ಸಾಲು ಕಿತ್ತುಹಾಕಿದೆ. ವ್ಯವಸ್ಥೆಯ ಹೆಸರು ಹಿಡಿದಿಡುವ ಒಂದು ವೇರಿಯಬಲ್, ಅದರ ಮುಂದೆ ಒಂದು ಕೋಲನ್, ಒಂದು ಪ್ಲಸ್. ಒಂದೇ ಸಾಲಿನಲ್ಲಿ ಮುಗಿಯಿತು. ವೇರಿಯಬಲ್‌ನಲ್ಲಿ ಏನಾದರೂ ಇದ್ದರೆ ತೋರಿಸು, ಖಾಲಿಯಿದ್ದರೆ ಸುಮ್ಮನಿರು ಎಂದಷ್ಟೇ ಅದರ ಅರ್ಥ. ಪ್ರತಿ ಸಲವೂ ಹೊಸದಾಗಿ ನೋಡುವುದರಿಂದ ಹಳೆಯ ಹೆಸರು ಅಂಟಿಕೊಂಡು ಕೂರುವುದಿಲ್ಲ. ಹಳೆಯದು, ಹೊಸದು ಎರಡನ್ನೂ ಪ್ರಿಂಟ್ ತೆಗೆದುಕೊಂಡು ಮ್ಯಾನೇಜರರ ಹತ್ತಿರ ಹೋದೆ.

“ತಪ್ಪು ಆಕಿದಲ್ರಿ, ನಂದು.”

ಅವರು ಎರಡೂ ಹಾಳೆ ನೋಡಿದರು. “ಒಂದ ಸಾಲಿಗೆ ಆಗೂದಕ್ಕ ನಲವತ್ತು ಯಾಕ ಬರದಿದ್ದಿ?”

“ಶಾಣ್ಯಾ ಅನ್ನಿಸ್ಕೊಳ್ಳಾಕ್ರಿ.”

ಅವಳ ಮೆಮೋ ಹರಿದುಹಾಕಿದರು, ನನ್ನ ಹೆಸರಿಗೆ ಹೊಸದನ್ನು ಟೈಪು ಮಾಡಿಸಿದರು. ಅವಳು ಅದನ್ನು ನನ್ನ ಕೈಯಿಂದ ಇಸಿದುಕೊಂಡು ಕೊನೆಯವರೆಗೂ ನಿಧಾನವಾಗಿ ಓದಿದಳು.

“ನಿಮ್ಮ ಹೆಸರಿಗೆ ಭಾಳ ಚಂದ ಒಪ್ಪೈತ್ರಿ,” ಎಂದಳು.

ನನಗೂ ಹಾಗೇ ಅನ್ನಿಸಿತು.